ತೆನೆಯ ಹಬ್ಬ, ಮನೆಯ ಊಟ

(ಕನ್ಯಾ ಮಾತೆ ಮರಿಯಮ್ಮನವರ ಜನನೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ವಾಚನಗಳು: ಮೀಕ 5:1-4; ಮತ್ತಾಯ 1:1-16, 18-23)



ಒಂಬತ್ತು ದಿನಗಳಿಂದ ನಮ್ಮ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬಂದು ಬಾಲಮಾತೆಯ ಮುಂದೆ ಹೂ ಸುರಿದಿದ್ದಾರೆ. ಊರಿನಲ್ಲಾದರೆ ಗುಡ್ಡ, ತೋಟ, ಬೇಲಿ ಎಲ್ಲ ಸುತ್ತಿ ಹೂ ಕೊಯ್ದು ತರುತ್ತಿದ್ದೆವು. ಇಲ್ಲಿ ಬೆಂಗಳೂರಿನಲ್ಲಿ ಮಾರುಕಟ್ಟೆಯ ಸೇವಂತಿಗೆ. ಅಡ್ಡಿಯಿಲ್ಲ, ತಾಯಿ ಅದನ್ನೂ ಸಂತೋಷದಿಂದ ಸ್ವೀಕರಿಸುತ್ತಾರೆ. ಪೀಠದ ಮುಂದಿರುವ ಈ ಭತ್ತದ ತೆನೆ ಮಾತ್ರ ಊರಿನದೇ. ನಿನ್ನೆ ರಾತ್ರಿ ಬಸ್ಸು ಹತ್ತಿ ಬಂದಿದೆ.

ನಮ್ಮ ಧರ್ಮಕೇಂದ್ರದಲ್ಲಿ ಕರಾವಳಿಯವರಿದ್ದಾರೆ, ಮೈಸೂರು ಮಂಡ್ಯದ ಕಡೆಯವರಿದ್ದಾರೆ, ಮನೆಯಲ್ಲಿ ತಮಿಳು ಮಾತನಾಡುವವರೂ ಇದ್ದಾರೆ. ಹಲವರಿಗೆ ಸೆಪ್ಟೆಂಬರ್ 8 ಎಂದರೆ ಆರೋಗ್ಯಮಾತೆಯ ಹಬ್ಬ, ಶಿವಾಜಿನಗರದ ತೇರು, ವೇಳಾಂಕಣ್ಣಿಯ ಯಾತ್ರೆ. ಆದ್ದರಿಂದ ತೆನೆಹಬ್ಬವನ್ನು ಅರಿಯದವರಿಗಾಗಿ ಎರಡು ಮಾತು. ಮಂಗಳೂರು, ಉಡುಪಿಯ ಕಥೋಲಿಕರು ಇದನ್ನು ಮೊಂತಿ ಹಬ್ಬ ಎನ್ನುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನವರ ಬೆಟ್ಟ, ಆ ಹೆಸರಿನಿಂದ ಬಂದ ಮಾತು ಅದು. ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು, ಮನೆಯ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಕಾಳನ್ನು ಸುಲಿದು ಕುಟ್ಟಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಇದೇ ಹೊಸಕ್ಕಿ ಊಟ. ಆಮೇಲೆ ಬಾಳೆಯೆಲೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಹರಿವೆ ದಂಟು, ಬೆಂಡೆ, ಹೀರೆ, ಅಲಸಂದೆ, ಅಂಬಡೆ, ಕೆಸುವು, ಮಳೆಗಾಲ ಏನು ಕೊಟ್ಟಿದೆಯೋ ಅದು. ಪಲ್ಯಗಳ ಲೆಕ್ಕ ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸಸಂಖ್ಯೆಯಲ್ಲೇ ಬರಬೇಕು. ಯಾಕೆ ಬೆಸಸಂಖ್ಯೆ ಎಂದು ಮಕ್ಕಳು ಕೇಳಿದರೆ ಅಜ್ಜಿ ಒಂದೊಂದು ಮನೆಯಲ್ಲಿ ಒಂದೊಂದು ಕಾರಣ ಹೇಳುತ್ತಾರೆ.

ಗಮನಿಸಿ, ಈ ಹಬ್ಬದ ಅರ್ಧ ಆಚರಣೆ ಇಲ್ಲಿ ದೇವಾಲಯದಲ್ಲಿ ನಡೆಯುತ್ತದೆ, ಉಳಿದರ್ಧ ನಿಮ್ಮ ಅಡುಗೆಮನೆಯಲ್ಲಿ. ಅಲ್ಲಿ ಊಟ ನಡೆಯದಿದ್ದರೆ ನಾನು ಇಲ್ಲಿ ಎಷ್ಟು ತೀರ್ಥ ಚಿಮುಕಿಸಿದರೂ ಹಬ್ಬ ಪೂರ್ತಿಯಾಗುವುದಿಲ್ಲ. ಆದ್ದರಿಂದ ಇಂದು ಆ ಉಳಿದರ್ಧದ ಬಗ್ಗೆಯೇ ಮಾತನಾಡುತ್ತೇನೆ.

ಇಂದಿನ ಶುಭಸಂದೇಶ ಓದುವಾಗ ನಿಮ್ಮಲ್ಲಿ ಕೆಲವರಿಗೆ ಆಕಳಿಕೆ ಬಂದಿತು, ನಾನು ನೋಡಿದೆ. ತಪ್ಪಿಲ್ಲ. ಅಬ್ರಹಾಮನಿಂದ ಜೋಸೆಫನವರೆಗೆ ಬರೀ ಹೆಸರುಗಳು. ಆದರೆ ಆ ಗಂಡಸರ ಪಟ್ಟಿಯ ನಡುವೆ ಸಂತ ಮತ್ತಾಯರು ಮರಿಯಮ್ಮನವರಿಗಿಂತ ಮೊದಲು ನಾಲ್ವರು ಹೆಂಗಸರನ್ನು ತಂದು ಕೂರಿಸಿದ್ದಾರೆ. ತಾಮಾರ, ರಾಹಾಬ, ರೂತ, ಊರೀಯನ ಪತ್ನಿ. ಇವರಲ್ಲಿ ರೂತಳ ಕಥೆಯನ್ನು ಮನೆಯಲ್ಲಿ ಒಮ್ಮೆ ತೆಗೆದು ಓದಿ. ನಾಲ್ಕೇ ಅಧ್ಯಾಯ, ಅರ್ಧ ಗಂಟೆ ಸಾಕು. ಆಕೆ ಮೋವಾಬಿನವಳು, ಪರದೇಶಿ, ವಿಧವೆ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಅತ್ತೆ ನವೊಮಿಯ ಜೊತೆ ಬೆತ್ಲೆಹೇಮಿಗೆ ಬರುತ್ತಾಳೆ. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಇಂದಿನ ಮೊದಲ ವಾಚನದಲ್ಲಿ ಮೀಕನು ಹೊಗಳಿದ ಅದೇ ಚಿಕ್ಕ ಊರು. ಅವರು ಬಂದಾಗ ಜವೆಗೋದಿಯ ಕೊಯ್ಲು ಆಗತಾನೇ ಶುರುವಾಗಿತ್ತು. ಕೊಯ್ಯುವವರ ಹಿಂದೆ ಹೋಗಿ ಬಿದ್ದ ತೆನೆ ಆಯ್ದುಕೊಳ್ಳುವ ಹಕ್ಕು ಬಡವರಿಗೂ ಪರದೇಶಿಗಳಿಗೂ ಇತ್ತು, ಧರ್ಮಶಾಸ್ತ್ರವೇ ಅದನ್ನು ಕೊಟ್ಟಿತ್ತು. ರೂತಳು ಬೋವಜನ ಹೊಲದಲ್ಲಿ ತೆನೆ ಆಯುತ್ತಾಳೆ.

ಮಧ್ಯಾಹ್ನವಾಯಿತು. ಊಟದ ಹೊತ್ತಿಗೆ ಬೋವಜ ಆಕೆಯನ್ನು ಹತ್ತಿರ ಕರೆಯುತ್ತಾನೆ. ರೊಟ್ಟಿ ತಿನ್ನು, ಹುಳಿರಸದಲ್ಲಿ ಅದ್ದಿಕೋ ಎನ್ನುತ್ತಾನೆ. ಕೂಲಿಯವರ ಪಕ್ಕದಲ್ಲೇ ಆಕೆ ಕುಳಿತುಕೊಳ್ಳುತ್ತಾಳೆ. ಅವನೇ ಹುರಿದ ಕಾಳನ್ನು ಎತ್ತಿ ಕೊಡುತ್ತಾನೆ. ಆಕೆ ತೃಪ್ತಿಯಾಗುವಷ್ಟು ತಿಂದು, ಇನ್ನೂ ಸ್ವಲ್ಪ ಮಿಗಿಸುತ್ತಾಳೆ. ಪವಿತ್ರ ಗ್ರಂಥ ಎಷ್ಟು ಸಣ್ಣ ಸಂಗತಿಯನ್ನು ನೆನಪಿಟ್ಟುಕೊಂಡಿದೆ ನೋಡಿ. ಯಾವ ಅರಸ ಯಾವ ಯುದ್ಧ ಗೆದ್ದ ಎಂದು ಒಂದೇ ವಾಕ್ಯದಲ್ಲಿ ಮುಗಿಸುವ ಗ್ರಂಥ, ಒಬ್ಬ ಬಡ ಹೆಂಗಸಿನ ಮಧ್ಯಾಹ್ನದ ಊಟದಲ್ಲಿ ಏನಿತ್ತು, ಹೇಗೆ ಬಡಿಸಿದರು, ಎಷ್ಟು ಮಿಕ್ಕಿತು ಎಂದೂ ಬರೆದಿಟ್ಟಿದೆ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸಂಜೆ ರೂತಳು ಮನೆಗೆ ಬಂದು ಆ ಮಿಗಿಸಿದ್ದನ್ನು ಅತ್ತೆಗೆ ಕೊಡುತ್ತಾಳೆ. ಈ ಊರಿಗೆ ಬರಿಗೈಯಲ್ಲಿ ಬಂದೆನೆಂದು ಗೋಳಾಡಿದ್ದ ಮುದುಕಿ ನವೊಮಿ. ಆಕೆ ಸೊಸೆಯನ್ನು ಕೇಳುತ್ತಾಳೆ: ಇವತ್ತು ಎಲ್ಲಿ ಆಯ್ದೆ, ಯಾರ ಹೊಲದಲ್ಲಿ ಕೆಲಸ ಮಾಡಿದೆ? ಸೊಸೆ ದಿನದ ಕಥೆಯನ್ನೆಲ್ಲ ಹೇಳುತ್ತಾಳೆ. ಬೋವಜ ಎಂಬ ಹೆಸರು ಬಾಯಿಗೆ ಬಂದ ಕೂಡಲೇ ಮುದುಕಿ ಎಚ್ಚರಗೊಳ್ಳುತ್ತಾಳೆ, ಅಯ್ಯೋ, ಅವನು ನಮ್ಮ ಹತ್ತಿರದ ನೆಂಟನಲ್ಲವೇ! ಮುಂದಿನದೆಲ್ಲ ಈ ಮಾತಿನಿಂದಲೇ ಬೆಳೆಯಿತು. ರೂತಳಿಗೂ ಬೋವಜನಿಗೂ ಮದುವೆಯಾಯಿತು. ಅವರ ಮಗ ಓಬೇದ, ಅವನ ಮಗ ಇಷಾಯ, ಅವನ ಮಗ ದಾವೀದ. ಇಪ್ಪತ್ತೆಂಟು ತಲೆಮಾರು ಕಳೆದ ಮೇಲೆ ಜೋಸೆಫ, ಮರಿಯಮ್ಮ, ಯೇಸುಸ್ವಾಮಿ. ಅಂದು ರಾತ್ರಿ ದಣಿದು ಬಂದ ಸೊಸೆ ಮುಸುಕೆಳೆದು ಮಲಗಿದ್ದರೆ? ಅತ್ತೆ ಏನನ್ನೂ ಕೇಳದೆ ಗೋಡೆಗೆ ಮುಖ ಮಾಡಿ ಕೂತಿದ್ದರೆ? ದೇವರಿಗೆ ಬೇರೆ ದಾರಿ ಇದ್ದೇ ಇರುತ್ತಿತ್ತು, ಆ ಮಾತು ಬೇರೆ. ಆದರೆ ಅವರು ಆರಿಸಿಕೊಂಡ ದಾರಿ ಇಬ್ಬರು ಬಡ ಹೆಂಗಸರ ಸಂಜೆಯ ಊಟ ಮತ್ತು ಆ ಊಟದ ಜೊತೆಗಿನ ಮಾತು.

ಇವತ್ತು ಎಲ್ಲಿ ಆಯ್ದೆ? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕೇಳುವವರು ಯಾರು? ಯಾವಾಗ ಕೇಳುತ್ತಾರೆ?

ಮನೆ ಆಶೀರ್ವಾದಕ್ಕೆಂದು ನಿಮ್ಮ ಮನೆಗಳಿಗೆ ಬರುತ್ತೇನಲ್ಲ, ಒಂದು ಸಂಗತಿ ನೋಡಿದ್ದೇನೆ. ಬಹಳ ಮನೆಗಳಲ್ಲಿ ಊಟದ ಮೇಜು ಇದೆ. ಅದರ ಮೇಲೆ ಇಸ್ತ್ರಿಗೆ ಇಟ್ಟ ಬಟ್ಟೆ, ಶಾಲೆಯ ಚೀಲ, ಔಷಧದ ಡಬ್ಬ, ಕರೆಂಟ್ ಬಿಲ್ಲು ಎಲ್ಲವೂ ಇದೆ. ಊಟ ಮಾತ್ರ ಅಲ್ಲಿ ನಡೆಯುವುದಿಲ್ಲ. ಅಪ್ಪ ಟಿವಿಯ ಮುಂದೆ, ಮಗ ಕೋಣೆಯಲ್ಲಿ ಫೋನಿನ ಜೊತೆ, ಮಗಳು ಬರುವುದು ಹತ್ತೂವರೆಗೆ, ಅಮ್ಮ ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ. ನಾಲ್ಕು ಜನ, ನಾಲ್ಕು ಹೊತ್ತು, ನಾಲ್ಕು ಜಾಗ. ಸಂತ ಅಂತೋಣಿಯವರ ಚಿತ್ರದ ಮುಂದೆ ದೀಪ ಉರಿಯುತ್ತಿದೆ, ಅದು ಸಂತೋಷ. ಆದರೆ ಅದೇ ಮನೆಯವರು ಆಮೇಲೆ ನನ್ನ ಬಳಿ ಬಂದು, ಸ್ವಾಮಿ, ಮಗ ನಮ್ಮೊಡನೆ ಮಾತನಾಡುವುದೇ ಇಲ್ಲ ಎಂದು ಅಳುತ್ತಾರೆ. ಎಲ್ಲಿ ಮಾತನಾಡಬೇಕು ಆ ಹುಡುಗ? ಕೂರಿಸಿಕೊಂಡು ಮಾತನಾಡೋಣ ಬಾ ಎಂದರೆ ಹದಿನಾರರ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. ಎರಡನೇ ಸಲ ಸಾರು ಬಡಿಸುವಾಗ ತಾನಾಗಿ ಬಿಡುತ್ತಾನೆ. ಅಷ್ಟು ಹೊತ್ತು ಅವನು ಅಲ್ಲಿ ಕೂತಿರಬೇಕು, ನೀವೂ ಕೂತಿರಬೇಕು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು ಇಲ್ಲಿದ್ದಾರೆ. ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ಹೋಗಿಬರುವಷ್ಟರಲ್ಲೇ ದಿನದ ಮೂರು ಗಂಟೆ ಕಳೆಯುವ ಯುವಕರಿದ್ದಾರೆ. ರಾತ್ರಿ ಪಾಳಿಯ ದಾದಿಯರಿದ್ದಾರೆ. ದಿನವೂ ಏಳು ಪಲ್ಯ ಮಾಡಿ ಎಂದು ನಾನು ಹೇಳಿದರೆ ನೀವು ಮುಂದಿನ ಭಾನುವಾರ ಬೇರೆ ದೇವಾಲಯಕ್ಕೆ ಹೋಗುತ್ತೀರಿ, ಹೋಗಬೇಕಾದ್ದೇ.

ಅವಸರದ ಊಟ ಪವಿತ್ರ ಗ್ರಂಥದಲ್ಲೂ ಇದೆ. ಈಜಿಪ್ಟಿನಿಂದ ಹೊರಡುವ ರಾತ್ರಿ ಇಸ್ರಯೇಲರು ನಡು ಕಟ್ಟಿಕೊಂಡು, ಕಾಲಿಗೆ ಕೆರ ಮೆಟ್ಟಿ, ಕೈಯಲ್ಲಿ ಕೋಲು ಹಿಡಿದು ತ್ವರೆಯಿಂದ ತಿನ್ನಬೇಕೆಂದು ದೇವರೇ ಹೇಳಿದರು. ಹಿಟ್ಟಿಗೆ ಹುಳಿ ಬರುವಷ್ಟೂ ವ್ಯವಧಾನವಿರಲಿಲ್ಲ. ಆದರೆ ಆ ಊಟ ಗುಲಾಮಗಿರಿಯ ಕೊನೆಯ ರಾತ್ರಿಯದು. ಮುಂದೆ ಯೆಹೂದ್ಯರು ಅದೇ ಪಾಸ್ಕ ಊಟವನ್ನು ಒರಗಿ ಕುಳಿತು, ನಿಧಾನವಾಗಿ, ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಾ ಮಾಡುವ ಪದ್ಧತಿ ಬೆಳೆಸಿಕೊಂಡರು. ಇಸ್ರಯೇಲಿನ ಕಡುಬಡವನೂ ಆ ರಾತ್ರಿ ಒರಗಿ ಕೂತೇ ಉಣ್ಣಬೇಕೆಂದು ಅವರ ಹಿರಿಯರು ನಿಯಮ ಮಾಡಿದರು. ಕಾರಣವೇನೆಂದರೆ ಗುಲಾಮ ನಿಂತು ತಿನ್ನುತ್ತಾನೆ, ಸ್ವತಂತ್ರನು ಕುಳಿತು ಉಣ್ಣುತ್ತಾನೆ. ಯೇಸುಸ್ವಾಮಿ ತಮ್ಮ ಕೊನೆಯ ಭೋಜನಕ್ಕೆ ಶಿಷ್ಯರೊಡನೆ ಹಾಗೆಯೇ ಒರಗಿ ಕುಳಿತಿದ್ದರು. ಮರುದಿನ ಶಿಲುಬೆ ಕಾದಿರುವಾಗ ಅವರಿಗಿಂತ ಅವಸರ ಯಾರಿಗಿತ್ತು? ಆದರೂ ಆ ರಾತ್ರಿ ಅವರು ಎಷ್ಟು ಹೊತ್ತು ಮಾತನಾಡಿದರೆಂದರೆ ಸಂತ ಯೊವಾನ್ನರಿಗೆ ಅದನ್ನು ಬರೆಯಲು ಐದು ಅಧ್ಯಾಯ ಬೇಕಾಯಿತು.

ಇನ್ನು ಅಡುಗೆಯ ಮಾತು. ಇಲ್ಲಿ ನಾನು ಗಂಡಸರ ಸಾಲಿನ ಕಡೆಗೆ ತಿರುಗಿ ಹೇಳಬೇಕಾಗಿದೆ. ನಿಧಾನದ ಊಟ, ಮನೆಯ ಊಟ ಎಂದು ಗುರುಗಳು ಹೇಳಿದರು ಎಂಬ ನೆಪದಿಂದ ಇಂದಿನಿಂದ ಮನೆಯಾಕೆಯ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದರೆ ಅದು ಖಂಡಿತ ನನ್ನ ಪ್ರಬೋಧನೆಯಲ್ಲ. ನಜರೇತಿನಲ್ಲಿ ಮಾತೆ ಮರಿಯಮ್ಮನವರು ದಿನದ ರೊಟ್ಟಿಗೆ ಬೀಸುವ ಕಲ್ಲನ್ನು ಕೈಯಿಂದಲೇ ತಿರುಗಿಸಿರಬೇಕು. ಆ ಕಷ್ಟ ಮರಳಿ ಬರಲಿ ಎಂದು ನಾನು ಬೇಡುವುದಿಲ್ಲ. ಮಿಕ್ಸಿ, ಗ್ರೈಂಡರ್, ಕುಕ್ಕರ್ ಕಂಡುಹಿಡಿದವರನ್ನು ದೇವರು ಆಶೀರ್ವದಿಸಲಿ. ಆದರೆ ಆ ಮನೆಯಲ್ಲಿ ಬೆಳೆದ ಮಗನನ್ನು ನೋಡಿ. ಹುಳಿಹಿಟ್ಟು ಮೂರು ಸೇರು ಹಿಟ್ಟನ್ನು ಹೇಗೆ ಉಬ್ಬಿಸುತ್ತದೆ, ಉಪ್ಪು ಸಪ್ಪಗಾದರೆ ಏನಾಗುತ್ತದೆ, ಮಗ ಮೊಟ್ಟೆ ಕೇಳಿದರೆ ಅಪ್ಪ ಏನು ಕೊಡುತ್ತಾನೆ, ಇವೆಲ್ಲ ಅವರ ಬೋಧನೆಯಲ್ಲಿ ಬರುತ್ತವೆ. ಇವು ದೇವಾಲಯದ ಪಂಡಿತರಿಂದ ಕಲಿತ ಪಾಠಗಳಲ್ಲ, ತಾಯಿಯ ಅಡುಗೆಯ ಒಲೆಯ ಬಳಿ ಕಂಡವು. ಪುನರುತ್ಥಾನರಾದ ಮೇಲೆ ತಿಬೇರಿಯ ಸರೋವರದ ದಡದಲ್ಲಿ ಇದ್ದಲಿನ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟು, ರಾತ್ರಿಯೆಲ್ಲ ಬಲೆ ಹಾಕಿ ದಣಿದವರನ್ನು ಊಟಕ್ಕೆ ಕರೆದವರು ಅವರೇ. ಸಾವನ್ನು ಗೆದ್ದ ಪ್ರಭುವೇ ಅಡುಗೆ ಮಾಡಿದ್ದಾರೆ. ನಮ್ಮಲ್ಲಿ ಕೆಲವರು ಚಹಾದ ಲೋಟವನ್ನು ತೊಳೆಯುವ ಬಚ್ಚಲಿನವರೆಗೂ ಒಯ್ಯುವುದಿಲ್ಲ.

ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ನಿಯಮ ಬರೆದಾಗ ಅಡುಗೆಮನೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟರು. ವಾರಕ್ಕೊಬ್ಬರಂತೆ ಸರದಿ. ಕಾಯಿಲೆಯವರನ್ನೂ ಬಹಳ ಮುಖ್ಯವಾದ ಕೆಲಸ ಹೊತ್ತವರನ್ನೂ ಬಿಟ್ಟರೆ ಯಾರಿಗೂ ರಿಯಾಯಿತಿ ಇಲ್ಲ. ಬಲಹೀನರಿಗೆ ಸಹಾಯಕರನ್ನು ಕೊಡಬೇಕು, ಬೇಸರದಿಂದ ಮಾಡುವಂತಾಗಬಾರದು. ಸರದಿ ಮುಗಿಸುವವನು ಶನಿವಾರ ಎಲ್ಲವನ್ನೂ ತೊಳೆದು ಒಪ್ಪಿಸಬೇಕು. ಮಠದ ಪಾತ್ರೆಪಗಡಗಳನ್ನು ಬಲಿಪೀಠದ ಪಾತ್ರೆಗಳಂತೆ ನೋಡಿಕೊಳ್ಳಬೇಕೆಂದೂ ಅವರು ಬರೆದಿದ್ದಾರೆ. ನಿಮ್ಮ ಮನೆಯ ಹಿಂಡಾಲಿಯಂ ಬೋಗುಣಿಯನ್ನು ಹಾಗೆ ನೋಡಿದ್ದೀರಾ?

ಸರದಿ ಎಂಬುದು ಒಳ್ಳೆಯ ಪದ. ಮನೆಗಳಲ್ಲೂ ಅದು ನಡೆಯಲಿ. ಅಪ್ಪನಿಗೆ ಒಂದು ಸಾರು, ಮಗನಿಗೆ ಒಂದು ಪಲ್ಯ ಬರಲಿ. ನೆಟ್ಟಗೆ ಬರುವವರೆಗೆ ಎಲ್ಲರೂ ಸಹಿಸಿಕೊಂಡು ಉಣ್ಣಿ. ಚಿಕ್ಕವರಿಗೆ ಅಲಸಂದೆ ಮುರಿಯಲು, ಬೆಳ್ಳುಳ್ಳಿ ಸುಲಿಯಲು, ತಟ್ಟೆ ಇಡಲು ಬರುತ್ತದೆ. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ ನಿಜ, ಆದರೆ ಅಷ್ಟು ಹೊತ್ತೂ ಯಾರೂ ಅದರ ಮುಂದೆ ನಿಂತಿರಬೇಕಾಗಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಸಂಜೆ ಅಕ್ಕಿಯನ್ನು ಒಲೆಯ ಮೇಲೆ ಇಟ್ಟು ಜಪಸರಕ್ಕೆ ಕೂರುತ್ತಿದ್ದರು. ಐದು ರಹಸ್ಯ ಮುಗಿದು, ಪ್ರಾರ್ಥನಾಮಾಲೆ ಹಾಡಿ, ಮಕ್ಕಳು ಸಾಲಾಗಿ ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಪಡೆಯುವ ಹೊತ್ತಿಗೆ ಗಂಜಿ ಸಿದ್ಧ. ಅದರ ಜೊತೆ ಒಂದು ಚಟ್ನಿಯೋ ಉಪ್ಪಿನಕಾಯಿಯೋ. ಬಡವರ ಊಟವೇ, ಅವಸರದ ಊಟವಾಗಿರಲಿಲ್ಲ. ಮಂಡ್ಯದ ಕಡೆಯವರಿಗೆ ಮುದ್ದೆ, ಸೊಪ್ಪಿನ ಸಾರು ಇದೆ. ಮುದ್ದೆಯನ್ನಂತೂ ಕೂತೇ ತಿನ್ನಬೇಕು, ಬಿಸಿಯಿರುವಾಗಲೇ ತಿನ್ನಬೇಕು, ಅಲ್ಲಿಗೆ ಎಲ್ಲರೂ ಒಟ್ಟಿಗೆ ಬಂದಂತಾಯಿತು!

ದಿನವೂ ಆಗದಿದ್ದರೆ ವಾರದಲ್ಲಿ ಎರಡು ರಾತ್ರಿ. ಅದೂ ಆಗದಿದ್ದರೆ ಭಾನುವಾರ ಮಧ್ಯಾಹ್ನ. ಆ ಹೊತ್ತಿಗೆ ಬೇರೆ ಯಾವ ಕಾರ್ಯಕ್ರಮವನ್ನೂ ಇಡಬಾರದೆಂದು ನಮ್ಮ ಪಾಲನಾ ಸಮಿತಿಗೂ ನಾನು ಹೇಳುತ್ತೇನೆ, ಸಭೆಗಳು ಕಡಿಮೆಯಾದರೆ ಧರ್ಮಸಭೆ ಮುಳುಗುವುದಿಲ್ಲ. ಎಲ್ಲ ಫೋನುಗಳೂ ಒಂದು ಬುಟ್ಟಿಗೆ, ಅಪ್ಪನದು ಮೊದಲು. ಕೊನೆಯವರು ಬಂದು ಕೂರುವವರೆಗೂ ಯಾರೂ ಅನ್ನಕ್ಕೆ ಕೈ ಹಾಕಬಾರದು. ಅಡುಗೆ ಮಾಡಿದವರೂ ಕೂರಬೇಕು, ಬೇಕಾದ್ದನ್ನು ಬೇರೆಯವರು ಎದ್ದು ತರಲಿ. ಹೊರಗಿನಿಂದ ತರಿಸಿಕೊಂಡ ಊಟವಾದರೂ ಡಬ್ಬದಿಂದ ತೆಗೆದು ಪಾತ್ರೆಗೆ ಹಾಕಿ, ಪ್ರಾರ್ಥನೆ ಹೇಳಿ, ಒಟ್ಟಿಗೆ ಉಣ್ಣಿ. ಸ್ವಿಗ್ಗಿಯ ಹುಡುಗ ತಂದುಕೊಟ್ಟ ಅನ್ನದ ಮೇಲೂ ಶಿಲುಬೆಯ ಗುರುತು ಹಾಕಬಹುದು. ಬಾಗಿಲಿಗೆ ಬಂದ ಆ ಹುಡುಗನಿಗೆ ಒಂದು ಲೋಟ ನೀರನ್ನೂ ಕೊಡಬಹುದು. ಮೂರು ಹೊತ್ತೂ ಹಾಗೇ ಆದರೆ ಮಾತ್ರ ನಿಮ್ಮ ಒಲೆಗೆ ಅವಮಾನ.

ಜಗದ್ಗುರು ಫ್ರಾನ್ಸಿಸ್‌ರವರು, 2025ರಲ್ಲಿ ನಮ್ಮನ್ನಗಲಿದವರು, 2015ರ ನವೆಂಬರಿನಲ್ಲಿ ರೋಮಿನಲ್ಲಿ ಇದೇ ವಿಷಯ ಮಾತನಾಡಿದ್ದರು. ಒಟ್ಟಿಗೆ ಉಣ್ಣದ, ಉಂಡರೂ ಟಿವಿಯನ್ನೋ ಫೋನನ್ನೋ ನೋಡುತ್ತಾ ಉಣ್ಣುವ ಕುಟುಂಬವನ್ನು ಕುಟುಂಬವೆಂದು ಕರೆಯುವುದೇ ಕಷ್ಟ ಎಂಬರ್ಥದ ಕಟುವಾದ ಮಾತನ್ನೇ ಆಡಿದರು. ಮನೆಯ ಮೇಜನ್ನು ಅವರು ಬಲಿಪೂಜೆಯ ಮೇಜಿನ ಜೊತೆ ಸೇರಿಸಿ ಮಾತನಾಡಿದರು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಊಟದ ಹೊತ್ತಿನಲ್ಲಿ ಖಾಲಿಯಾಗಿರುವ ಮೇಜು, ಭಾನುವಾರ ಬೀಗ ಹಾಕಿದ ದೇವಾಲಯದ ಹಾಗೆ. ಇಲ್ಲಿ ಪರಮಪ್ರಸಾದವನ್ನು ಗೌರವದಿಂದ, ಸಾಲಿನಲ್ಲಿ ಬಂದು, ಆಮೆನ್ ಎಂದು ಸ್ವೀಕರಿಸುವ ನಾಲಗೆಗೆ, ಮನೆಯ ಅನ್ನ ಯಾವಾಗ ಇಳಿಯಿತೆಂದೇ ಗೊತ್ತಾಗದಿದ್ದರೆ ನಾನು ಏನು ಹೇಳಲಿ?

ಕೊನೆಯದಾಗಿ ಇನ್ನೊಂದು ಬೇಡಿಕೆ. ಮೋಶೆಯ ಧರ್ಮಶಾಸ್ತ್ರದಲ್ಲಿ ಎರಡು ನಿಯಮಗಳಿವೆ. ಹೊಸ ಬೆಳೆಯ ಕಾಣಿಕೆಯನ್ನು ದೇವರಿಗೆ ಅರ್ಪಿಸುವ ತನಕ ಹೊಸ ಧಾನ್ಯವನ್ನು ಯಾರೂ ಬಾಯಿಗೆ ಹಾಕಬಾರದು, ಹುರಿದ ಕಾಳನ್ನೂ ಸಹ. ನಮ್ಮ ಹೊಸಕ್ಕಿ ಊಟವೂ ಹಾಗೆಯೇ ಇದೆ ನೋಡಿ. ಎರಡನೆಯದು, ಪ್ರಥಮ ಫಲದ ಬುಟ್ಟಿಯನ್ನು ಅರ್ಪಿಸಿದ ಮೇಲೆ ಆ ಸಂತೋಷದಲ್ಲಿ ನಡುವೆ ಬಾಳುವ ಪರದೇಶಿಯನ್ನೂ ಸೇರಿಸಿಕೊಳ್ಳಬೇಕು. ಬೋವಜನಿಗೆ ಈ ಪಾಠ ಗೊತ್ತಿತ್ತು. ನಮ್ಮ ಧರ್ಮಕೇಂದ್ರದ ಸುತ್ತ ಎಷ್ಟು ಪಿಜಿಗಳಿವೆ, ದಾದಿಯರ ಹಾಸ್ಟೆಲುಗಳಿವೆ ಎಂದು ನಿಮಗೆ ಗೊತ್ತು. ಇಲ್ಲಿ ಹಿಂದಿನ ಬೆಂಚುಗಳಲ್ಲಿ ಒಬ್ಬೊಬ್ಬರೇ ಕುಳಿತಿರುವ ಯುವಕ ಯುವತಿಯರು, ಹಬ್ಬದ ದಿನವೂ ಪೂಜೆ ಮುಗಿಸಿ ಹೋಗಿ ಮೆಸ್ಸಿನ ಅನ್ನವನ್ನೇ ಉಣ್ಣುವವರು. ಮನೆಯ ಕಾವಲುಗಾರ ಇದ್ದಾನೆ, ಒಂಟಿಯಾಗಿರುವ ಮುದುಕರಿದ್ದಾರೆ. ಈವತ್ತು ಪ್ರತಿಯೊಂದು ಮನೆಯವರೂ ಒಂದು ಎಲೆ ಹೆಚ್ಚಿಗೆ ಹಾಕಿ. ಪಲ್ಯ ಮೂರೇ ಇರಲಿ, ಲೆಕ್ಕ ಬೆಸಸಂಖ್ಯೆಯೇ ಆಯಿತಲ್ಲ.

ಪೂಜೆ ಮುಗಿದ ಮೇಲೆ ತೆನೆ ಮತ್ತು ಕಬ್ಬನ್ನು ಎರಡೂ ಬಾಗಿಲುಗಳಲ್ಲಿ ಹಂಚುತ್ತಾರೆ, ನೂಕುನುಗ್ಗಲು ಬೇಡ, ಎಲ್ಲರಿಗೂ ಸಾಕಾಗುವಷ್ಟಿದೆ. ಮಕ್ಕಳೋ ಗಂಡನೋ ಕುವೈತ್, ದುಬೈ, ಮುಂಬಯಿಯಲ್ಲಿ ಇರುವವರು ನಾಲ್ಕು ಕಾಳನ್ನು ಕಾಗದದ ಲಕೋಟೆಯಲ್ಲಿಟ್ಟು ಕಳುಹಿಸುವ ಪದ್ಧತಿ ಇಟ್ಟುಕೊಂಡಿದ್ದೀರಿ. ಅಂಥವರು ಒಂದು ತೆನೆಯನ್ನು ಹೆಚ್ಚಿಗೆ ಕೇಳಿ ಪಡೆಯಿರಿ. ಹಿಂದಿನ ಬೆಂಚಿನವರು ಯಾರೂ ಬೇಗ ಹೊರಟುಹೋಗಬೇಡಿ, ಹೊರಗೆ ಅಂಗಳದಲ್ಲಿ ನಿಮ್ಮನ್ನು ಊಟಕ್ಕೆ ಕರೆಯುವವರು ನಿಂತಿರುತ್ತಾರೆ. ಈಗ ಎಲ್ಲರೂ ಎದ್ದು ನಿಂತು, ಮಾತೆ ಮರಿಯಮ್ಮನವರ ಮುಖಾಂತರ ನಮ್ಮ ಬಿನ್ನಹಗಳನ್ನು ತಂದೆಯಾದ ದೇವರಿಗೆ ಅರ್ಪಿಸೋಣ.